ಕೋಶಪೊರೆಗೆ ಕನ್ನ ಹಾಕುವ ಪೆಪ್ಟೈಡ್‌ಗಳು

ಅಮೈನೊ ಆಮ್ಲಗಳ ಕಿರು ಸರಪಳಿಯೇ ಪೆಪ್ಟೈಡ್. ಇವುಗಳಲ್ಲಿ ಕೆಲವು ಜೀವಕೋಶವನ್ನು ಆವರಿಸಿದ ಪೊರೆಯ ಮೇಲೆ ನೇರವಾಗಿ ಎರಗಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಕಪ್ಪೆಯ ಚರ್ಮ, ಜೇನ್ನೊಣದ ವಿಷ, ಮನುಷ್ಯನ ಬಿಳಿ ರಕ್ತಕಣಗಳಲ್ಲಿಯೂ ಇಂಥವು ಇವೆ. ಅಮೆರಿಕದ ವಿಜ್ಞಾನಿ ಮೈಕೇಲ್ ಝಾಸ್ಲಾಫ್ 1987ರಲ್ಲಿ ಆಫ್ರಿಕಾ ಮೂಲದ ಕಪ್ಪೆಯ ಚರ್ಮದಲ್ಲಿ ಗುರುತಿಸಿದ, 23 ಅಮೈನೊ ಆಮ್ಲಗಳ ‘ಮೆಗೈನಿನ್’ ಇವುಗಳಲ್ಲಿ ಪ್ರಸಿದ್ಧ.

ಶತ್ರುವಿನ ಗುರುತು

ಕೋಶಪೊರೆಯು ಮೇದಸ್ಸಿನ ಎರಡು ಪದರಗಳಿಂದಾದದ್ದು. ಬ್ಯಾಕ್ಟೀರಿಯಾ ಪೊರೆಯ ಹೊರಮೈಯಲ್ಲಿ ಋಣ ವಿದ್ಯುದಾವೇಶ ಹೆಚ್ಚು. ಪ್ರಾಣಿಕೋಶದ ಹೊರಮೈ ಬಹುತೇಕ ತಟಸ್ಥ. ಆದ್ದರಿಂದ ಧನಾವೇಶ ಹೊತ್ತ ಪೆಪ್ಟೈಡ್‌ಗಳು ಬ್ಯಾಕ್ಟೀರಿಯಾದತ್ತಲೇ ಸೆಳೆಯಲ್ಪಡುತ್ತವೆ. ಪ್ರಾಣಿಕೋಶದ ಪೊರೆಯನ್ನು ಬಿಗಿಗೊಳಿಸುವ ಕೊಲೆಸ್ಟರಾಲ್ ಕೂಡ ನಮಗೆ ರಕ್ಷಣೆ ನೀಡುತ್ತದೆ.

ರಂಧ್ರ ಕೊರೆಯುವ ಬಗೆ

ಪೊರೆಯನ್ನು ತಲುಪಿದೊಡನೆ ಮೆಗೈನಿನ್ ಸುರುಳಿಯ ರೂಪ ತಾಳುತ್ತದೆ. ಸುರುಳಿಯ ಒಂದು ಮಗ್ಗುಲು ನೀರಿಗೆ ಒಲಿದರೆ ಇನ್ನೊಂದು ಮೇದಸ್ಸಿಗೆ ಒಲಿಯುತ್ತದೆ. ಸಂಖ್ಯೆ ಕಡಿಮೆಯಿದ್ದಾಗ ಈ ಪೆಪ್ಟೈಡ್‌ಗಳು ಪೊರೆಯ ಮೇಲೆ ಅಡ್ಡಲಾಗಿ ಮಲಗಿರುತ್ತವೆ. ಸಾಂದ್ರತೆ ಒಂದು ಮಿತಿಯನ್ನು ದಾಟಿದಾಗ ನೆಟ್ಟಗೆ ಒಳನುಗ್ಗಿ ರಂಧ್ರಗಳನ್ನು ನಿರ್ಮಿಸುತ್ತವೆ. ಒಳಗಿನ ಅಯಾನುಗಳು ಸೋರಿಹೋಗಿ ಕೋಶ ಸಾಯುತ್ತದೆ. ಆದರೆ ಜೇನುವಿಷದ ‘ಮೆಲಿಟಿನ್’ ಇಂಥ ವಿವೇಚನೆ ತೋರದು. ಅದು ನಮ್ಮ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ.

ಕೊನೆಯ ಅಸ್ತ್ರ

ಈ ತತ್ವವನ್ನೇ ಬಳಸುವ ಔಷಧ ‘ಕೊಲಿಸ್ಟಿನ್’. ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಈ ಪೆಪ್ಟೈಡ್, ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಋಣಾವೇಶದ ಫಾಸ್ಫೇಟ್‌ಗಳಿಗೆ ಅಂಟಿಕೊಳ್ಳುತ್ತದೆ. ಪೊರೆಯನ್ನು ಬೆಸೆದಿಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಹೊರದಬ್ಬಿ ಪೊರೆಯನ್ನು ಸಡಿಲಿಸುತ್ತದೆ. ಮೂತ್ರಪಿಂಡಕ್ಕೆ ಹಾನಿಕರವೆಂಬ ಕಾರಣಕ್ಕೆ 1970ರ ದಶಕದಲ್ಲಿ ಇದರ ಬಳಕೆ ತಗ್ಗಿತ್ತು. ಇತರ ಆ್ಯಂಟಿಬಯೋಟಿಕ್‌ಗಳು ವಿಫಲವಾಗತೊಡಗಿದಂತೆ ತೀವ್ರ ನಿಗಾ ಘಟಕಗಳಿಗೆ ಮರಳಿತು.

ಆವೇಶ ಬದಲಿಸುವ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾಗಳೂ ಸುಮ್ಮನೆ ಕುಳಿತಿಲ್ಲ. ‘ಎಂಸಿಆರ್-1’ ಎಂಬ ವಂಶವಾಹಿಯನ್ನು ಹೊಂದಿದವು ತಮ್ಮ ಫಾಸ್ಫೇಟ್‌ಗಳಿಗೆ ಬೇರೊಂದು ರಾಸಾಯನಿಕ ಗುಂಪನ್ನು ಜೋಡಿಸಿ ಋಣಾವೇಶವನ್ನು ತಗ್ಗಿಸಿಕೊಳ್ಳುತ್ತವೆ. ಆಗ ಕೊಲಿಸ್ಟಿನ್‌ಗೆ ಹಿಡಿತ ಸಿಗುವುದಿಲ್ಲ. ಈ ವಂಶವಾಹಿ ಚೀನಾದಲ್ಲಿ ಹಂದಿಗಳು, ಮಾಂಸ ಹಾಗೂ ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾಗಳಲ್ಲಿ ಕಂಡುಬಂದಿದ್ದು 2015ರಲ್ಲಿ ವರದಿಯಾಯಿತು. ಇದು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ಸುಲಭವಾಗಿ ದಾಟಬಲ್ಲದು.

ಕೋಳಿ, ಜಾನುವಾರುಗಳು ಬೇಗ ಕೊಬ್ಬಲೆಂದು ಆಹಾರದಲ್ಲಿ ಕೊಲಿಸ್ಟಿನ್ ಬೆರೆಸುವುದು ಇಂಥ ಪ್ರತಿರೋಧಕ್ಕೆ ಇಂಬು ನೀಡುತ್ತದೆ. ಹೀಗಾಗಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳು, ಕೋಳಿ ಹಾಗೂ ಮೀನುಗಳಿಗೆ ಇದನ್ನು ಕೊಡುವುದನ್ನು ಭಾರತ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಕೋಳಿಗೂಡಿನಲ್ಲಿ ಪೋಲಾದ ಅಸ್ತ್ರ ಆಸ್ಪತ್ರೆಯಲ್ಲಿ ಕೈಗೆ ಸಿಗದು.