ಇಂಧನ ಹೀರಿದ ನೆಲ: ಶುದ್ಧೀಕರಣ ವಿಧಾನಗಳ ಕ್ಷೇತ್ರಪರೀಕ್ಷೆಯ ಚರಿತ್ರೆ

ಪೆಟ್ರೋಲು ಸೋರಿದ ನೆಲವನ್ನು ಶುದ್ಧಮಾಡಿದೆವೆಂದು ಹೇಳುವುದು ಸುಲಭ; ಶುದ್ಧವಾದದ್ದು ನಮ್ಮ ವಿಧಾನದಿಂದಲೇ ಎಂದು ತೋರಿಸುವುದು ಕಷ್ಟ. ಬಾವಿಯ ನೀರಿನಲ್ಲಿ ಪೆಟ್ರೋಲಿನ ಅಂಶವಾದ ಬೆಂಜೀನ್ ಪ್ರಮಾಣ ಇಳಿದರೆ, ಸೂಕ್ಷ್ಮಜೀವಿಗಳು ಅದನ್ನು ತಿಂದಿರಬಹುದು, ಆವಿಯಾಗಿರಬಹುದು, ಮಣ್ಣಿನ ಕಣಗಳಿಗೆ ಅಂಟಿರಬಹುದು, ಇಲ್ಲವೇ ಹರಿಯುವ ನೀರಿನೊಡನೆ ತೆಳುವಾಗಿ ಮುಂದಕ್ಕೆ ಸಾಗಿರಬಹುದು. ಇವನ್ನು ಒಂದರಿಂದ ಒಂದು ಬೇರ್ಪಡಿಸಲು ಕಲಿತದ್ದೇ ಈ ಕ್ಷೇತ್ರದ ಚರಿತ್ರೆ ಎಂಬುದು ನನ್ನ ನಿಲುವು.

1972ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಂಬ್ಲರ್‌ನಲ್ಲಿ ಪೆಟ್ರೋಲಿನ ಕೊಳವೆ ಸೋರಿತು. ಮೇಲೆತ್ತಬಹುದಾದಷ್ಟನ್ನು ಎತ್ತಿದ ಮೇಲೆ, ಸನ್ ಆಯಿಲ್ ಕಂಪನಿಯ ರಿಚರ್ಡ್ ರೇಮಂಡ್ ಮತ್ತು ಸಂಗಡಿಗರು ಬಾವಿಗಳ ಮೂಲಕ ಗಾಳಿ ಊದಿ, ಸಾರಜನಕ ಮತ್ತು ರಂಜಕದ ಲವಣಗಳನ್ನು ಸೇರಿಸಿದರು. ಹೊಸ ಜೀವಿಗಳನ್ನು ತರಲಿಲ್ಲ; ಅಲ್ಲಿದ್ದವಕ್ಕೇ ಉಣಿಸಿದರು. ಪೆಟ್ರೋಲು ಕಡಿಮೆಯಾಯಿತು, 1974ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಉಣಿಸದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಆಂಬ್ಲರ್‌ನಲ್ಲಿ ಉತ್ತರವಿರಲಿಲ್ಲ. ಅಪಘಾತದ ಸ್ಥಳ ಪ್ರಯೋಗಶಾಲೆಯಲ್ಲ. ಎಷ್ಟು ಸೋರಿತೆಂಬ ಲೆಕ್ಕವೇ ಅಲ್ಲಿ ಅಂದಾಜು.

ಹಾಗಾಗಿ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕದಿಂದಲೇ ಶುರುಮಾಡಿದರು. ಕೆನಡಾದ ಒಂಟಾರಿಯೊದಲ್ಲಿರುವ ಬೋರ್ಡನ್ ಸೇನಾನೆಲೆಯ ಮರಳುಪದರದೊಳಕ್ಕೆ ಅವರು ತಾವಾಗಿಯೇ ಮಾಲಿನ್ಯವನ್ನು ಇಳಿಸಿದರು: ಸುಮಾರು 1,800 ಲೀಟರ್ ನೀರು, ಅದರಲ್ಲಿ ಲೀಟರಿಗೆ ಸುಮಾರು 7.6 ಮಿಲಿಗ್ರಾಂ ಬೆಂಜೀನ್, ಟೊಲುಯೀನ್ ಮತ್ತು ಕ್ಸೈಲೀನ್. ಜೊತೆಗೆ ಕ್ಲೋರೈಡ್. ಜಾಣತನವಿದ್ದದ್ದು ಈ ಕ್ಲೋರೈಡಿನಲ್ಲಿ. ಅದನ್ನು ಯಾವ ಜೀವಿಯೂ ತಿನ್ನದು, ಮಣ್ಣಿಗೂ ಅದು ಅಂಟದು. ನೀರು ಹೋದಲ್ಲೆಲ್ಲ ಹೋಗುತ್ತದೆ. ಕ್ಲೋರೈಡ್ ಇದ್ದೂ ಬೆಂಜೀನ್ ಇಲ್ಲದಿದ್ದರೆ, ನೀರು ತೆಳುವಾದದ್ದು ಕಾರಣವಲ್ಲ. ಒತ್ತೊತ್ತಾಗಿ ನೆಟ್ಟ ಮಾದರಿ ಕೊಳವೆಗಳಿಂದ ನೀರು ತೆಗೆದು ನೋಡುತ್ತ ಹೋದರು. 270 ದಿನಗಳಾಚೆಗೆ ಬೆಂಜೀನ್ ಮಾತ್ರ ಉಳಿದಿತ್ತು. 434 ದಿನಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಇಲ್ಲವಾಗಿತ್ತು. ಆ ಸಂಶೋಧಕರಾದ ಬಾರ್ಕರ್, ಪ್ಯಾಟ್ರಿಕ್ ಮತ್ತು ಮೇಜರ್ 1987ರಲ್ಲಿ ಇದನ್ನು ಪ್ರಕಟಿಸಿದರು. ಯಾರೂ ಗಾಳಿ ಊದಿರಲಿಲ್ಲ, ಗೊಬ್ಬರ ಹಾಕಿರಲಿಲ್ಲ. ಶುದ್ಧೀಕರಣದ ಯಂತ್ರ ಮಾರುವವರಿಗೆ ಅಷ್ಟು ಹಿತವಲ್ಲದ ಫಲಿತಾಂಶ ಇದು.

1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಕ್ಯಾಲಿಫೋರ್ನಿಯಾದ 271 ಸೋರಿಕೆಗಳ ಕಡತಗಳನ್ನು ಪರಿಶೀಲಿಸಿ, ಬೆಂಜೀನಿನ ಹರವು 250 ಅಡಿ ದಾಟುವುದು ಅಪರೂಪ ಎಂದಿತು. ಇದು ಕಡತಗಳ ಓದೇ ಹೊರತು ಪರೀಕ್ಷೆಯಲ್ಲ. ಆದರೂ ನೆಲವನ್ನು ತನ್ನಷ್ಟಕ್ಕೆ ಬಿಟ್ಟು ಅಳೆಯುತ್ತಿರುವ ಪದ್ಧತಿಗೆ ಬಲ ಬಂತು. ಮರುವರ್ಷವೇ ಸಾಂಟಾ ಮೋನಿಕಾ ನಗರ ತನ್ನ ಕುಡಿಯುವ ನೀರಿನ ಹಲವು ಬಾವಿಗಳನ್ನು ಮುಚ್ಚಬೇಕಾಯಿತು. ಕಾರಣ ಬೆಂಜೀನ್ ಅಲ್ಲ, ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ. ನೀರಿನಲ್ಲಿ ಸಲೀಸಾಗಿ ಕರಗಿ, ಮಣ್ಣಿಗೆ ಅಂಟದೆ ದೂರ ಸಾಗುವ ವಸ್ತು ಅದು.

ಎಂಟಿಬಿಇ ತೆಗೆಯುವ ವಿಧಾನಗಳ ಪರೀಕ್ಷೆ ನಡೆದದ್ದು ಅದೇ ರಾಜ್ಯದ ಪೋರ್ಟ್ ಹ್ಯೂನೀಮಿ ನೌಕಾನೆಲೆಯಲ್ಲಿ. ಅಲ್ಲಿನ ಪೆಟ್ರೋಲ್ ಬಂಕ್ 1980ರ ದಶಕದಲ್ಲಿ ಸೋರಿತ್ತು. ಸಂಶೋಧಕ ಸಲಾನಿಟ್ರೊ ಅವರ ತಂಡ ಆ ನೆಲದಲ್ಲಿ ಮೂರು ಪಟ್ಟಿಗಳನ್ನು ಮಾಡಿತು: ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಆಮ್ಲಜನಕ ಮಾತ್ರ, ಒಂದಕ್ಕೆ ಆಮ್ಲಜನಕದೊಡನೆ ಬೆಳೆಸಿ ತಂದ ಸೂಕ್ಷ್ಮಜೀವಿಗಳು. 2000ದಲ್ಲಿ ಬಂದ ವರದಿಯಂತೆ ಮೂರನೆಯದರಲ್ಲಿ ಎಂಟಿಬಿಇ ಬೇಗ ಕುಸಿಯಿತು, ಮೊದಲನೆಯದರಲ್ಲಿ ಹಾಗೇ ಉಳಿಯಿತು. ಎರಡನೆಯ ಪಟ್ಟಿಯಲ್ಲಿ ಅದು ತಿಂಗಳುಗಟ್ಟಲೆ ಹಾಗೇ ಇದ್ದು ಆಮೇಲೆ ಇಳಿಯತೊಡಗಿತು. ಎಂದರೆ ಸ್ಥಳೀಯ ಜೀವಿಗಳಿಗೂ ಆ ಕೆಲಸ ಬರುತ್ತಿತ್ತು, ಕಾಲಾವಕಾಶ ಬೇಕಿತ್ತು. ಆ ಪಟ್ಟಿ ಇರದಿದ್ದರೆ ಕೀರ್ತಿಯೆಲ್ಲ ಹೊರಗಿನಿಂದ ತಂದ ಜೀವಿಗಳಿಗೇ ಹೋಗುತ್ತಿತ್ತು.

ಮಿನ್ನೆಸೋಟದ ಬೆಮಿಜಿಯ ಪರೀಕ್ಷೆಯ ಗತಿಯೇ ಬೇರೆ. 1979ರ ಆಗಸ್ಟ್ 20ರಂದು ಅಲ್ಲಿ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾತೈಲ ಚೆಲ್ಲಿತು. ಬಳಿದು ತೆಗೆದ ಮೇಲೂ ಸುಮಾರು 4 ಲಕ್ಷ ಲೀಟರ್ ನೆಲದಲ್ಲಿ ಉಳಿಯಿತು. 1983ರಿಂದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ದಶಕಗಳ ಕಾಲ ಅಳೆಯಿತು. ಆಮ್ಲಜನಕ ಮುಗಿದ ಮೇಲೂ, ಮಣ್ಣಿನ ಕಬ್ಬಿಣದ ಆಕ್ಸೈಡನ್ನು ಬಳಸಿ ಜೀವಿಗಳು ತೈಲದ ಅಂಶಗಳನ್ನು ಒಡೆಯುತ್ತಿದ್ದವು. ಅದೇ ಕಬ್ಬಿಣಕ್ಕೆ ಸಹಜವಾಗಿ ಅಂಟಿಕೊಂಡಿದ್ದ ಆರ್ಸೆನಿಕ್ ಇದರಿಂದ ಬಿಡುಗಡೆಯಾಗಿ, ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂ ಅನ್ನು ಬಹಳವಾಗಿ ಮೀರಿ ಅಂತರ್ಜಲ ಸೇರಿತ್ತು. ಬೆಂಜೀನನ್ನಷ್ಟೇ ಅಳೆಯುವ ಪರೀಕ್ಷೆಗೆ ಇದು ಕಾಣುತ್ತಲೇ ಇರಲಿಲ್ಲ.