ರೋಡ್ ಸೈಕಲ್‌ಗೆ ಯಾವ ಟೈರ್? ‘28 ಇಂಚು’ ಅಂತ ಕೇಳೋ ಮುನ್ನ ಈ ನಂಬರ್ ನೋಡಿ

ವಿಜಯಪುರ, ಬಾಗಲಕೋಟೆ ಅಂದ್ರೆ ರಾಜ್ಯದಲ್ಲಿ ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಗಳು. ರೇಸ್‌ಗೆ ತಯಾರಾಗುವ ಮಕ್ಕಳ ಜೊತೆಗೆ, ಬೆಳಿಗ್ಗೆ ವ್ಯಾಯಾಮಕ್ಕೆ ಅಂತ ಸಪೂರ ಟೈರಿನ ರೋಡ್ ಸೈಕಲ್ ತುಳಿಯುವ ದೊಡ್ಡವರೂ ಇದ್ದಾರೆ. ಟೈರ್ ಸವೆದಾಗ ಮಾತ್ರ ಗೊಂದಲ ಶುರು. ‘28 ಇಂಚಿಂದು ಒಂದು ಟೈರ್ ಕೊಡ್ರಿ’ ಅಂತ ಗಿರಾಕಿ ಕೇಳ್ತಾರೆ, ಅಂಗಡಿಯವರು ಇದ್ದದ್ದನ್ನು ತೆಗೆದು ಕೊಡ್ತಾರೆ. ಕೂರದ ಟೈರ್ ವಾಪಸ್ ಬಂದ್ರೆ ದುಡ್ಡಿನ ಜಗಳ ಅಷ್ಟೇ. ಸಡಿಲವಾಗಿ ಕೂತುಬಿಟ್ರೆ ಅದು ಜೀವದ ಪ್ರಶ್ನೆ. ಇಳಿಜಾರಿನಲ್ಲಿ ಈ ಸೈಕಲ್ ಗಂಟೆಗೆ 40 ಕಿ.ಮೀ. ದಾಟುತ್ತೆ. ಆ ವೇಗದಲ್ಲಿ ಮುಂದಿನ ಟೈರ್ ರಿಮ್ ಬಿಟ್ಟು ಬಂದ್ರೆ ಸಾವರಿಸಿಕೊಳ್ಳಲು ಸಮಯವೇ ಸಿಗೋದಿಲ್ಲ.

ಸವಾರರು, ಅಂಗಡಿಯವರು, ಪಂಚರ್ ಹಾಕುವವರು ಮೂವರಿಗೂ ಬೇಕಾದ ಮಾಹಿತಿ ಇಲ್ಲಿದೆ.

1. ಇಂಚು ನಂಬಬೇಡಿ, ಮೂರಂಕಿ ಸಂಖ್ಯೆ ನೋಡಿ

ಹಳೇ ಟೈರಿನ ಪಕ್ಕದಲ್ಲಿ 25-622 ಅನ್ನೋ ಥರದ ಸಂಖ್ಯೆ ಅಚ್ಚಾಗಿರುತ್ತೆ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ರಿಮ್ ಮೇಲೆ ಟೈರ್ ಕೂರುವ ಜಾಗದ ವ್ಯಾಸ. ಈ ಎರಡನೇ ಸಂಖ್ಯೆ ತಾಳೆ ಆಗಲೇಬೇಕು.

• ರೋಡ್ ಸೈಕಲ್ (700ಸಿ): 622
• ಹಾಲು, ಪೇಪರ್ ಹಾಕುವ ಹಳೇ ಕಪ್ಪು ಸೈಕಲ್ (28×1½): 635
• ಹಳೇ ಕಾಲದ ಸ್ಪೋರ್ಟ್ಸ್ ಸೈಕಲ್ (27×1¼): 630
• 26×1⅜ ಸೈಕಲ್: 590
• ದಪ್ಪ ಟೈರಿನ ಎಂಟಿಬಿ (26×1.95): 559

ಕೆಲವು 700ಸಿ ಟೈರ್‌ಗಳ ಮೇಲೂ ‘28’ ಇಂಚು ಅಂತ ಬರೆದಿರುತ್ತೆ. ಗೊಂದಲದ ಮೂಲ ಇದೇ. ಹಳೇ ಕಪ್ಪು ಸೈಕಲ್‌ನ 28ಕ್ಕೂ ಇದಕ್ಕೂ ವ್ಯಾಸದಲ್ಲಿ 13 ಮಿ.ಮೀ. ವ್ಯತ್ಯಾಸ. 630ರ ಟೈರನ್ನು 622ರ ರಿಮ್‌ಗೆ ಹಾಕಿದ್ರೆ ಕೈಯಲ್ಲೇ ಸಲೀಸಾಗಿ ಕೂರುತ್ತೆ, ಗಾಳಿ ತುಂಬಿದಾಗ ಕಳಚಿ ಬರುತ್ತೆ. ಹೊಸ ರೋಡ್ ಟೈರ್ ತೀರಾ ಸುಲಭವಾಗಿ ಕೂತ್ರೆ ಖುಷಿ ಪಡಬೇಡಿ, ನಂಬರ್ ಇನ್ನೊಮ್ಮೆ ನೋಡಿ.

2. ಅಗಲ ಎಷ್ಟಿರಬೇಕು?

ಸಪೂರ ಇದ್ದಷ್ಟೂ ವೇಗ ಅನ್ನೋ ನಂಬಿಕೆ ಹಳೇದಾಯ್ತು. ಹಿಂದೆ ರೇಸ್ ಸೈಕಲ್‌ಗಳಲ್ಲಿ 23 ಮಿ.ಮೀ. ಟೈರ್ ಸಾಮಾನ್ಯವಾಗಿತ್ತು, ಈಗ ದೊಡ್ಡ ರೇಸ್‌ಗಳಲ್ಲೂ 28 ಮಿ.ಮೀ. ಬಳಸುತ್ತಾರೆ. ಒರಟು ರಸ್ತೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಟೈರ್ ಪುಟಿಯುತ್ತೆ. ಆ ಪುಟಿತದಲ್ಲಿ ತುಳಿದ ಶಕ್ತಿಯೇ ವ್ಯರ್ಥವಾಗುತ್ತೆ. ಸ್ವಲ್ಪ ಅಗಲದ ಟೈರ್ ಕಡಿಮೆ ಗಾಳಿಯಲ್ಲೇ ಕೆಲಸ ಮಾಡುತ್ತೆ, ಉಬ್ಬುತಗ್ಗು ನುಂಗುತ್ತೆ, ಹಿಡಿತವೂ ಜಾಸ್ತಿ.

ಜಲ್ಲಿ ಎದ್ದ, ತೇಪೆ ಹಾಕಿದ ತಾಲ್ಲೂಕು ರಸ್ತೆಗೆ 28 ಮಿ.ಮೀ. ಒಳ್ಳೆ ಆಯ್ಕೆ. ಫ್ರೇಮ್‌ನಲ್ಲಿ ಜಾಗ ಇದ್ರೆ 32 ಇನ್ನೂ ಆರಾಮ. ಆದರೆ ಹಳೇ ರಿಮ್ ಬ್ರೇಕ್ ಸೈಕಲ್‌ಗಳಲ್ಲಿ 25ಕ್ಕಿಂತ ದಪ್ಪದ್ದು ಕೂರದೇ ಇರಬಹುದು. ಚಕ್ರ ಹಾಕಿದ ಮೇಲೆ ಟೈರ್‌ಗೂ ಫ್ರೇಮ್, ಫೋರ್ಕ್, ಬ್ರೇಕ್‌ಗೂ ನಡುವೆ ಎಲ್ಲಾ ಕಡೆ ಕನಿಷ್ಠ 4 ಮಿ.ಮೀ. ಸಂದು ಉಳಿಯಬೇಕು. ಎರೆಮಣ್ಣಿನ ಊರಲ್ಲಿ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಮಣ್ಣು ಮೆತ್ತಿಕೊಂಡ್ರೆ ಚಕ್ರವೇ ತಿರುಗೋದಿಲ್ಲ.

3. ಮುಳ್ಳಿನ ಊರಿಗೆ ಎಂಥ ಟೈರ್?

ನಮ್ಮ ಕಡೆ ಟೈರಿನ ದೊಡ್ಡ ಶತ್ರು ನೆಗ್ಗಿಲ ಮುಳ್ಳು ಮತ್ತು ಜಾಲಿ ಮುಳ್ಳು. ಕಬ್ಬಿನ ಟ್ರ್ಯಾಕ್ಟರ್‌ಗೆ ದಾರಿ ಬಿಡಲು ಸೈಕಲ್ ರಸ್ತೆಯ ಅಂಚಿಗೆ ಇಳಿದರೆ ಮುಳ್ಳು ಸಿಗೋದು ಗ್ಯಾರಂಟಿ. ಅದಕ್ಕೆ ರಬ್ಬರ್‌ನ ಅಡಿಯಲ್ಲಿ ಪಂಚರ್ ತಡೆಯುವ ಪಟ್ಟಿ ಇರುವ ಟೈರನ್ನೇ ಕೇಳಿ. ಕಾಂಟಿನೆಂಟಲ್, ಶ್ವಾಲ್ಬೆ, ವಿಟೋರಿಯಾ, ಮಿಶೆಲಿನ್ ಕಂಪನಿಗಳಲ್ಲಿ ಇಂಥವು ಸಿಗ್ತವೆ. ಲುಧಿಯಾನದ ರಾಲ್ಸನ್, ಮೆಟ್ರೋ ಟೈರ್‌ಗಳು ಹೆಚ್ಚಿನ ಸೈಕಲ್ ಅಂಗಡಿಗಳಿಗೆ ಪರಿಚಿತ. ಯಾವ ಕಂಪನಿ ಆದ್ರೂ ಒಂದೊಂದು ಮಾಡೆಲ್ ಒಂದೊಂದು ಥರ, ಬರೀ ಹೆಸರು ನೋಡಿ ತಗೋಬೇಡಿ.

ಪಟ್ಟಿ ಇದ್ದ ಟೈರ್ ತುಸು ಭಾರ, ತುಸು ನಿಧಾನ. ದಿನದ ಅಭ್ಯಾಸಕ್ಕೆ ಅದು, ರೇಸ್ ದಿನಕ್ಕೆ ಹಗುರದ್ದು – ಅನುಕೂಲ ಇದ್ದವರು ಹೀಗೆ ಎರಡು ಜೊತೆ ಇಟ್ಟುಕೊಳ್ಳಬಹುದು. ಒಂದೇ ಜೊತೆಗೆ ದುಡ್ಡಿದ್ರೆ ಪಟ್ಟಿ ಇರೋದನ್ನೇ ಆರಿಸಿ. ಅರ್ಧ ದಾರಿಯಲ್ಲಿ ಪಂಚರ್ ಆಗಿ ನಿಂತವರಿಗೆ ಹಗುರ ಟೈರಿನಿಂದ ಏನೂ ಉಳಿಯೋದಿಲ್ಲ.

ತಂತಿ ಅಂಚಿನ ಟೈರ್ ಅಗ್ಗ, ಮಡಚುವ ಟೈರ್ ಹಗುರ. ಟಿಪಿಐ ಅಂದ್ರೆ ಒಂದು ಇಂಚಿನಲ್ಲಿರುವ ದಾರದ ಎಳೆಗಳ ಸಂಖ್ಯೆ. ಸಾಮಾನ್ಯವಾಗಿ 60 ಇದ್ರೆ ಗಟ್ಟಿಮುಟ್ಟು, 120 ಇದ್ರೆ ಮೆತ್ತಗೆ, ವೇಗ ಹೆಚ್ಚು.

4. ಗೀರು ಇಲ್ಲದ ಟೈರ್ ಜಾರುತ್ತಾ?

ಕಾರು, ಮೋಟಾರ್ ಬೈಕ್ ನೋಡಿದವರಿಗೆ ಈ ಅನುಮಾನ ಸಹಜ. ಆದರೆ ಸೈಕಲ್ ಟೈರ್ ಸಪೂರ, ಒತ್ತಡವೂ ಜಾಸ್ತಿ. ಟಾರ್ ರಸ್ತೆಯ ನೀರನ್ನು ಅದೇ ಬದಿಗೆ ತಳ್ಳುತ್ತೆ. ನುಣುಪು ಟೈರ್ ಟಾರ್ ರಸ್ತೆಗೆ ಸಾಕು. ಗುಬ್ಬಿ ಇರುವ ಟೈರ್ ಬೇಕಾಗೋದು ಮಣ್ಣಿನ ದಾರಿಗೆ ಮಾತ್ರ. ಒದ್ದೆ ರಸ್ತೆಯಲ್ಲಿ ಬಿಳಿ ಪಟ್ಟಿ, ಎಣ್ಣೆ, ಸಗಣಿ ಮೇಲೆ ಯಾವ ಟೈರೂ ಜಾರುತ್ತೆ ಅನ್ನೋದು ನೆನಪಿರಲಿ.

5. ಗಾಳಿ ಎಷ್ಟು?

ಟೈರ್ ಮೇಲೆ ಬರೆದ ಗರಿಷ್ಠ ಅಂಕಿ ಮಿತಿ, ಅಷ್ಟು ತುಂಬಬೇಕು ಅಂತಲ್ಲ. 60–70 ಕೆ.ಜಿ. ತೂಕದವರು, ಟ್ಯೂಬ್ ಇರುವ ಟೈರ್‌ಗೆ ಈ ಅಂದಾಜಿನಿಂದ ಶುರು ಮಾಡಬಹುದು:

• 25 ಮಿ.ಮೀ.: 75–85 ಪಿಎಸ್‌ಐ
• 28 ಮಿ.ಮೀ.: 62–72 ಪಿಎಸ್‌ಐ
• 32 ಮಿ.ಮೀ.: 48–58 ಪಿಎಸ್‌ಐ

ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ನಾಲ್ಕೈದು ಪಿಎಸ್‌ಐ ಕಡಿಮೆ ಇರಲಿ. ಭಾರ ಹೆಚ್ಚಿದ್ದವರು ಸ್ವಲ್ಪ ಹೆಚ್ಚು ತುಂಬಲಿ. ತೀರಾ ಕಡಿಮೆ ಆದ್ರೆ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್‌ಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತೆ. ಹಾಗೆ ಕಂಡ್ರೆ ತಪ್ಪು ಮುಳ್ಳಿಂದಲ್ಲ, ಗಾಳಿದು.

ಒಂದು ಎಚ್ಚರಿಕೆ: ಹೊಸ ದುಬಾರಿ ಸೈಕಲ್‌ಗಳಲ್ಲಿ ‘ಹುಕ್‌ಲೆಸ್’ ರಿಮ್ ಬರ್ತಿದೆ. ಇದಕ್ಕೆ ಮಿತಿ 5 ಬಾರ್, ಅಂದ್ರೆ ಸುಮಾರು 72 ಪಿಎಸ್‌ಐ. ಹುಕ್‌ಲೆಸ್‌ಗೆ ಆಗುತ್ತೆ ಅಂತ ಟೈರ್ ಕಂಪನಿ ಹೇಳಿದ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು. ಪಂಚರ್ ಅಂಗಡಿಯವರು ಕಂಪ್ರೆಸರ್ ಹಿಡಿಯುವ ಮುನ್ನ ರಿಮ್ ಮೇಲಿನ ಬರಹ ಓದಲಿ. ರೋಡ್ ಟೈರ್‌ನಲ್ಲಿ ಗಾಳಿಗೆ ಜಾಗ ಕಡಿಮೆ, ಕಂಪ್ರೆಸರ್ ಇಟ್ಟ ಕ್ಷಣಾರ್ಧದಲ್ಲಿ ಒತ್ತಡ ಏರಿಬಿಡುತ್ತೆ. ಮೀಟರ್ ಇರುವ ಕಾಲ್ಪಂಪ್ ವಾಸಿ.

6. ಟ್ಯೂಬ್‌ಲೆಸ್ ಬೇಕಾ?

ಸಣ್ಣ ಮುಳ್ಳಿನ ತೂತನ್ನು ಒಳಗಿನ ದ್ರವ ತಾನೇ ಮುಚ್ಚುತ್ತೆ, ಅದು ದೊಡ್ಡ ಲಾಭ. ಆದರೆ ರಿಮ್, ಟೈರ್ ಎರಡೂ ಟ್ಯೂಬ್‌ಲೆಸ್‌ಗೆ ಅಂತಲೇ ಮಾಡಿದ್ದಿರಬೇಕು. ದ್ರವ ಒಣಗುತ್ತೆ, ಬಿಸಿಲಿನ ಊರಲ್ಲಿ ಬೇಗ. ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಹತ್ತಿರ ಗೊತ್ತಿದ್ದ ಮೆಕ್ಯಾನಿಕ್ ಇಲ್ಲದವರಿಗೆ ಟ್ಯೂಬೇ ಸಲೀಸು. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಹೆಚ್ಚುವರಿ ಟ್ಯೂಬ್, ಎರಡು ಪ್ಲಾಸ್ಟಿಕ್ ಲಿವರ್, ಚಿಕ್ಕ ಪಂಪ್ ಇರಲಿ.

7. ಬದಲಾಯಿಸೋದು ಯಾವಾಗ?

ನಡುಭಾಗ ಚಪ್ಪಟೆ ಆದ್ರೆ, ದಾರದ ಎಳೆ ಕಂಡ್ರೆ, ಪಕ್ಕ ಉಬ್ಬಿದ್ರೆ ಅಥವಾ ಸೀಳಿದ್ರೆ ಕೂಡಲೇ ತೆಗೆಯಿರಿ. ಹಿಂದಿನ ಟೈರ್ ಬೇಗ ಸವೆಯುತ್ತೆ. ಆಗ ಹೊಸದನ್ನು ಮುಂದೆ ಹಾಕಿ, ಮುಂದಿನದು ಚೆನ್ನಾಗಿದ್ರೆ ಹಿಂದಕ್ಕೆ ಹಾಕಿ. ಹಿಂದಿನದು ಪಂಚರ್ ಆದ್ರೆ ಸಾವರಿಸಬಹುದು, ಮುಂದಿನದು ಹೋದ್ರೆ ಬೀಳೋದೇ.

ಅಂಗಡಿಯವರ ಗಮನಕ್ಕೆ

• ಗಿರಾಕಿ ಬಂದಾಗ ಹಳೇ ಟೈರ್ ಅಥವಾ ಅದರ ಪಕ್ಕದ ಫೋಟೋ ಕೇಳಿ.
• ರೋಡ್ ಟ್ಯೂಬ್‌ಗೆ ಹೆಚ್ಚಾಗಿ ಸಪೂರ ಪ್ರೆಸ್ಟಾ ವಾಲ್ ಇರುತ್ತೆ. ಎತ್ತರದ ರಿಮ್‌ಗೆ 60 ಮಿ.ಮೀ. ವಾಲ್ ಬೇಕಾಗಬಹುದು. ಗಾಳಿ ತುಂಬಲು ಪುಟ್ಟ ಅಡಾಪ್ಟರ್ ಇಟ್ಟುಕೊಂಡ್ರೆ ಗಿರಾಕಿ ವಾಪಸ್ ಹೋಗೋದಿಲ್ಲ.
• ಸ್ಕ್ರೂಡ್ರೈವರ್‌ನಿಂದ ಟೈರ್ ಎಬ್ಬಿಸಬೇಡಿ, ಟ್ಯೂಬ್ ಹರಿಯುತ್ತೆ, ರಿಮ್ ಗೀರಾಗುತ್ತೆ.
• ಹೊಸ ಟ್ಯೂಬ್ ಹಾಕುವ ಮುನ್ನ ಟೈರ್ ಒಳಗೆ ಬಟ್ಟೆ ಆಡಿಸಿ, ಉಳಿದ ಮುಳ್ಳು ತೆಗೆಯಿರಿ.
• ಟೈರ್ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೆ ಇರಲಿ.
• ದಾಸ್ತಾನನ್ನು ಬಿಸಿಲಿಗೆ ನೇತುಹಾಕಬೇಡಿ, ರಬ್ಬರ್ ಬಿರುಕು ಬಿಡುತ್ತೆ.