ಬಜೆ ತೇಯ್ದ ಕೈ

ಮಗುವಿಗೆ ಮಾತು ತಡವಾದರೆ ಹಿಂದಿನ ಅಜ್ಜಿಯರು ಮೊದಲು ಹುಡುಕುತ್ತಿದ್ದುದು ಬಜೆ ಬೇರನ್ನು. ದೀಪದ ಉರಿಗೆ ಹಿಡಿದು ಸುಟ್ಟು, ಕಲ್ಲಿನ ಮೇಲೆ ತೇಯ್ದು, ಬೆರಳ ತುದಿಯಷ್ಟನ್ನು ನಾಲಿಗೆಗೆ ಸವರುತ್ತಿದ್ದರು. ಅದರಿಂದ ಮಾತು ಬರುತ್ತದೆ ಎನ್ನಲು ಆಧಾರವಿಲ್ಲ. ಆದರೆ ಮಗುವಿಗೆ ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬ ತೀರ್ಮಾನ ಮನೆಯವರದೇ ಆಗಿತ್ತು.

ತಾವೇ ತೀರ್ಮಾನಿಸುವ ಆ ಧೈರ್ಯ ಕುಗ್ಗಿದ್ದು ಮದ್ದು ಮನೆಯಿಂದ ದೂರವಾದಾಗ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಆರಂಭವಾಯಿತು. ಕಿವಿ ಕೇಳದ ಪುಟ್ಟ ಮಕ್ಕಳ ಜೊತೆ ಅಮ್ಮಂದಿರನ್ನೂ ಕೂರಿಸಿಕೊಂಡು ಕಲಿಸುವ ಕ್ರಮ ಅಲ್ಲಿ ಬೆಳೆಯಿತು. ದೊಡ್ಡ ಮಾತೇ ಅದು. ಆದರೆ ಕೋಲಾರ ಜಿಲ್ಲೆಯ ಮುಳಬಾಗಿಲಿನ ತಾಯಿ ಬೆಂಗಳೂರು ದಾಟಿ ಮೈಸೂರಿಗೆ ಹೋಗಿ ಎಷ್ಟು ದಿನ ಇದ್ದಾಳು? ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದರೆ ವಾರವಿಡೀ ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲು, ಮಾಲೂರಿನಲ್ಲಿ ಇಟ್ಟಿಗೆಗೂಡಿನ ದಿನಗೂಲಿ. ಗೊತ್ತಾದ ದಿನಕ್ಕೆ ಬಾರದ ತಾಯಿಯನ್ನು ಅಸಡ್ಡೆಯವಳು ಎನ್ನುವುದು ಅನ್ಯಾಯ.

1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿ ಯೋಜನೆ ಶುರುವಾಯಿತು. ಮುಂದೆ ಅಂಗನವಾಡಿ ಊರೂರಿಗೂ ಬಂತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವೇ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂದಾಯಿತು. ತಪಾಸಣೆ ಮನೆ ಹತ್ತಿರ ಬಂತು, ತೀರ್ಮಾನ ಬಂತೇ?

ತೀರ್ಮಾನದಲ್ಲಿ ಮನೆಯವರಿಗೂ ಪಾಲು ಸಿಗಲು ಅಮೆರಿಕ 1986ರ ಕಾನೂನಿನಲ್ಲೇ ಒಂದು ದಾರಿ ಮಾಡಿತ್ತು. ಎಳೆಯ ಮಗುವಿನ ತರಬೇತಿಯ ಯೋಜನೆಯನ್ನು ಹೆತ್ತವರ ಜೊತೆ ಕೂತೇ ಬರೆಯಬೇಕು, ಮನೆಯವರ ಅಗತ್ಯವೂ ಅದರಲ್ಲಿರಬೇಕು.

ಕೋಲಾರದಲ್ಲಿ ತೀರ್ಮಾನ ಯಾರದು ಎಂಬ ಪ್ರಶ್ನೆ ಭಾಷೆಯನ್ನೂ ಮುಟ್ಟುತ್ತದೆ. ಆಂಧ್ರದ ಗಡಿಗೆ ಹತ್ತಿರದ ಎಷ್ಟೋ ಮನೆಗಳಲ್ಲಿ ಒಲೆ ಮುಂದಿನ ಮಾತು ತೆಲುಗು, ಶಾಲೆಯದು ಕನ್ನಡ. ಮಾತು ತಡವಾದ ಮಗುವಿಗೆ ಒಂದೇ ಭಾಷೆ ಸಾಕು, ಮನೆಮಾತು ಬಿಡಿ ಎಂಬ ಸಲಹೆ ಬಹುಕಾಲ ಎಲ್ಲೆಡೆ ಚಾಲ್ತಿಯಲ್ಲಿತ್ತು. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ ಎಂದು ಸಂಶೋಧನೆಗಳು ಹೇಳಿವೆ. ಆ ಸಲಹೆ ತಾಯಿಯ ಬಾಯನ್ನೇ ಕಟ್ಟಿತ್ತು.

ಮಾತಿನ ಅಭ್ಯಾಸಕ್ಕೆ ಬೇರೆ ಹೊತ್ತು ಬೇಕಿಲ್ಲ. ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಲೇ ಒಂದೆಲೆಯನ್ನು ಮಗುವಿನ ಕೈಗಿಟ್ಟು, ಎಲೆಗೆ ತೆಲುಗಿನಲ್ಲಿ ಹೇಳುವಂತೆ ‘ಆಕು’ ಎಂದು, ಅದು ತುಟಿ ಆಡಿಸುವ ತನಕ ಕಾಯಬಹುದು. ಎಷ್ಟು ಹೊತ್ತು ಎಂಬುದು ತಾಯಿಗೇ ಗೊತ್ತು.